ತೊಳೆಯುವಷ್ಟು ಹೊತ್ತು

ಹೊಸಪೇಟೆಯಲ್ಲಿ ಕಾರು ತೊಳೆಯುವುದಕ್ಕೆ ಒಂದು ಕ್ರಮವಿದೆ, ಅದು ಗೊತ್ತಿಲ್ಲದವರು ಕಾರು ಕೊಳ್ಳಲೇಬಾರದು ಎನ್ನುವುದು ಕೆಂಚಣ್ಣನ ಖಡಾಖಂಡಿತ ಅಭಿಪ್ರಾಯವಾಗಿತ್ತು. ಅವನ ಹೆಸರಿನಲ್ಲಿ ಒಂದು ಸೈಕಲ್ಲೂ ಇರಲಿಲ್ಲ, ಆ ಮಾತು ಬೇರೆ. ಸಂಡೂರಿನ ಗುಡ್ಡಗಳಿಂದ ಅದಿರು ಹೇರಿಕೊಂಡು ಸಾಲುಗಟ್ಟಿ ಓಡುತ್ತಿದ್ದ ಲಾರಿಗಳು ಆ ವರ್ಷಗಳಲ್ಲಿ ಊರಿಗೆ ಊರೇ ಕೆಂಪು ಧೂಳು ಬಳಿದಿದ್ದವು. ಬೇವಿನ ಮರ ಕೆಂಪು, ಒಣಹಾಕಿದ ಪಂಚೆ ಕೆಂಪು, ಮುಚ್ಚಿಟ್ಟ ಹಾಲಿನ ಮುಚ್ಚಳವೂ ಕೆಂಪು. ಬೇರೆ ಊರಿನ ಧೂಳಾದರೆ ಬಟ್ಟೆಯಲ್ಲಿ ಜಾಡಿಸಿದರೆ ಹೋಗುತ್ತದೆ. ಇದು ಕಬ್ಬಿಣದ ಪುಡಿ. ಒಣಬಟ್ಟೆ ಹಾಕಿ ಒರೆಸಿದಿರೋ, ಕಾರಿನ ಬಣ್ಣದ ಮೇಲೆ ಉಪ್ಪುಕಾಗದ ಎಳೆದ ಹಾಗೆಯೇ. ಮೊದಲು ತಲೆಯ ಮೇಲಿಂದ ನೀರು ಸುರಿಯಬೇಕು, ಕೈ ತಾಗಿಸಬಾರದು. ಹರಿಯುವ ನೀರು ಕೆಂಪು ಬಿಟ್ಟು ತಿಳಿಯಾದ ಮೇಲೆ ಬಟ್ಟೆ ಮುಟ್ಟಬೇಕು. ಸೋಪು ಅದಾದ ಮೇಲೆ.

ಇದನ್ನೆಲ್ಲ ಕೆಂಚಣ್ಣ ಕಲಿತದ್ದು ಪಾಪಿನಾಯಕನಹಳ್ಳಿಯ ದೊಡ್ಡಬಸಪ್ಪ ಸಾವ್ಕಾರರ ಮನೆಯಲ್ಲಿ. ಹೊಲದ ಕೂಲಿ ಮುಗಿಸಿ ಬಂದು ಇಪ್ಪತ್ತೆರಡು ವರ್ಷ ಅವರ ಜೀಪು ತೊಳೆದವನು ಅವನು. ಹೊರಗಿನ ಮೈ ಮಾತ್ರ ಅವನ ಪಾಲಿಗೆ. ಸೀಟು, ಸ್ಟೇರಿಂಗು ಒರೆಸುವುದು ಡ್ರೈವರನ ಪಾಲಿಗೆ. ಕೇರಿಯವನು ಒಳಗೆ ಕೈ ಇಡುವಂತಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಪ್ರಸಂಗವೂ ಬಂದಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಕೆಂಚಣ್ಣ ಒಂದು ಸಲವೂ ಆ ಜೀಪಿನಲ್ಲಿ ಕೂತಿರಲಿಲ್ಲ.

ಅಂಥವನ ಮಗಳು ಅಂಜಲಿ ಕಾರು ಕೊಂಡಳು. ಕೆಮಿಸ್ಟ್ರಿ ಓದಿ, ಹೊಸಪೇಟೆಯ ಒಂದು ಗಣಿ ಕಂಪನಿಯ ಲ್ಯಾಬಿನಲ್ಲಿ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ, ಎರಡೇ ವರ್ಷಕ್ಕೆ, ಎರಡು ಸಾವಿರದ ಆರರಲ್ಲಿ, ಸೆಕೆಂಡ್ ಹ್ಯಾಂಡಿನ ಬಿಳಿ ಮಾರುತಿಯೊಂದನ್ನು ತಾನೇ ಓಡಿಸಿಕೊಂಡು ಕೇರಿಗೆ ಬಂದಳು. ಅಪ್ಪ ಅವ್ವನನ್ನು ಹತ್ತಿಸಿಕೊಂಡು ಹಂಪಿಗೆ ಹೋದಳು. ಕಡ್ಡಿರಾಂಪುರ ದಾಟುವವರೆಗೂ ಹಿಂದಿನ ಸೀಟಿನಲ್ಲಿ ಅವಳವ್ವ ಸುಂಕಲಮ್ಮ ಎರಡೂ ಕಾಲು ಮೇಲೆತ್ತಿಕೊಂಡೇ ಕೂತಿದ್ದಳು. ಯಾಕೆಂದರೆ ಕೆಳಗೆ ಹಾಸಿದ ಮ್ಯಾಟು ಹೊಲಸಾಗುತ್ತದಂತೆ. ಅಂಜಲಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು. "ಕಾಲು ಕೆಳಗ ಇಡಬೇ, ನಿಂದೇ ಗಾಡಿ ಐತಿ" ಎಂದಳು. ಆ ದಿನ ಕೆಂಚಣ್ಣನಿಗೆ ತನ್ನ ಜನ್ಮ ತೀರಿತು ಅನ್ನಿಸಿತ್ತು, ಒಳ್ಳೆಯ ಅರ್ಥದಲ್ಲಿ.

ಕಾರು ಸಿಕ್ಕಿತು, ಮನೆ ಸಿಗಲಿಲ್ಲ. ಹೊಸಪೇಟೆಯಲ್ಲಿ ಆಗ ಬಾಡಿಗೆ ಮನೆಗೆ ಜನ ಮುಗಿಬೀಳುತ್ತಿದ್ದರು. ಮನೆ ತೋರಿಸುವವರೆಗೂ ಎಲ್ಲ ಸರಿ. ಆಮೇಲೆ, "ನೀವು ಯಾವ ಪೈಕಿರೀ?" ಅಂಜಲಿ ಸುಳ್ಳಾಡದೆ ಹೇಳಿದ ನಾಲ್ಕು ಮನೆಯವರೂ "ನಮ್ಮ ತಮ್ಮಂದಿರು ಬರ್ತಾರ, ಅವರಿಗೇ ಬೇಕಂತ" ಎಂದರು. ನಾಲ್ಕು ಮನೆಯವರಿಗೂ ಒಂದೇ ವಾರದಲ್ಲಿ ತಮ್ಮಂದಿರು ಬರುವವರಿದ್ದದ್ದು ದೊಡ್ಡ ಸೋಜಿಗ. ಐದನೆಯದು ಸಂಗಮ್ಮನ ಮನೆ. ಗಂಡ ತೀರಿದ್ದ, ಮಗ ಈಶ್ವರ ಅಕ್ಕಿ ವ್ಯಾಪಾರ ಬಿಟ್ಟು ಗಣಿಗೆ ಲಾರಿ ಬಿಟ್ಟಿದ್ದ. ಸಂಗಮ್ಮ ಮಾತಿಗೆ ಮೊದಲು ಯವ್ವಾ ಅನ್ನುವ ಹೆಂಗಸು. ಅವಳು ಕೇಳಿದಾಗ ಅಂಜಲಿ, "ನಾವು ಮೊಟ್ಟಿನೂ ತಿನ್ನಂಗಿಲ್ರಿ ಆಂಟಿ" ಎಂದಳು. ಸಂಗಮ್ಮ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡು, ಮಹಡಿಯ ಬೀಗದ ಕೈ ಕೊಟ್ಟು, ಆವತ್ತೇ ಒಂದು ಬಟ್ಟಲು ಹುಗ್ಗಿಯನ್ನೂ ಕೊಟ್ಟಳು.

ಇದಾವುದೂ ಗೊತ್ತಿರದ ಕೆಂಚಣ್ಣ ಜೂನ್ ತಿಂಗಳ ಒಂದು ಆಯಿತ್ವಾರ ಮಗಳ ಹೊಸ ಮನೆ ನೋಡಲು ಟಂಟಂ ಆಟೋ ಹತ್ತಿ ಬಂದ. ಗೇಟು ತೆರೆದರೆ ಮಗಳು ಅಂಗಳದಲ್ಲಿ ಕಾರಿನ ಬಾನೆಟ್ಟನ್ನು ಒಣ ಟವೆಲಿನಲ್ಲಿ ಗಸಗಸ ತಿಕ್ಕುತ್ತಿದ್ದಾಳೆ!

"ಏಯ್ ಏಯ್, ಬಿಡು, ಬಿಡು!" ಎಂದು ಓಡಿದವನೇ ಟವೆಲು ಕಿತ್ತುಕೊಂಡ. "ದಿನಾ ಅದಿರು ಕುಟ್ಟತಿ, ಇಷ್ಟು ಗೊತ್ತಾಗಂಗಿಲ್ಲೇನು? ಗೀರು ಬೀಳ್ತಾವು."

ಪಂಚೆ ಮೇಲೆ ಕಟ್ಟಿ, ಅಂಗಿ ಕಳಚಿ ಗೋಡೆಗೆ ಹಾಕಿ, ನಲ್ಲಿಯ ಕೆಳಗೆ ಬಕೆಟ್ ಇಟ್ಟ. ಅಷ್ಟರಲ್ಲಿ ಸಂಗಮ್ಮ ಪಡಸಾಲೆಯಿಂದ ಇಣುಕಿದಳು. ಕಪ್ಪು ಮೈಯ, ಹರಕು ಬನಿಯನ್ನಿನ, ಬರಿಗಾಲಿನ ಒಬ್ಬ ಮನುಷ್ಯ ತನ್ನ ಅಂಗಳದಲ್ಲಿ ಬಕೆಟ್ ಹಿಡಿದು ನಿಂತಿದ್ದ.

"ಯಾರವ್ವಾ ಇವ?"

ಅಂಜಲಿ ಬಾಯಿ ತೆರೆದಳು. ಅವಳ ಕಣ್ಣು ಅಪ್ಪನ ಮೇಲೊಮ್ಮೆ, ಮಹಡಿಯ ಮೆಟ್ಟಿಲಿನ ಮೇಲೊಮ್ಮೆ ಹೋಯಿತು. ಅವಳೆಂದಳು, "ನಮ್ಮ ಕಡೆಯವ ಆಂಟಿ. ಗಾಡಿ ತೊಳಿಯಾಕ ಬಂದಾನ."

ಬಕೆಟ್ ತುಂಬಿ ನೀರು ಹೊರಚೆಲ್ಲುತ್ತಿತ್ತು. ಕೆಂಚಣ್ಣ ಬಗ್ಗಿ ನಲ್ಲಿ ನಿಲ್ಲಿಸಿದ. ಬಗ್ಗಿದವನು ಏಳಲು ಎಂದಿಗಿಂತ ಒಂದಿಷ್ಟು ಹೆಚ್ಚು ಹೊತ್ತು ತೆಗೆದುಕೊಂಡ. ಆದರೆ ಮಗಳ ಮುಖ ಬಿಳಿಚಿಕೊಂಡಿದ್ದನ್ನು ಕಂಡದ್ದೇ ಅವನ ಬಾಯಿಂದ ಮಾತು ತಾನಾಗಿ ಬಂತು. ಇಪ್ಪತ್ತೆರಡು ವರ್ಷ ಆಡಿ ರೂಢಿಯಾದ ಮಾತು.

"ಹೌದ್ರಿ ಅಮ್ಮಾರ. ಕೆಂಚ ಅಂತಾರ್ರಿ."

ಸಂಗಮ್ಮ ಒಳಗೆ ಹೋದಳು. ಕಾರಿನ ಆಚೆ ಬದಿಗೆ ಅಂಜಲಿ ಕುಕ್ಕರುಗಾಲಲ್ಲಿ ಕೂತು ಚಕ್ರ ನೋಡುವವಳಂತೆ ತಲೆ ತಗ್ಗಿಸಿದಳು. "ಅಪ್ಪಾ, ತಪ್ಪಾತು. ಮನಿ ಬಿಡಿಸ್ತಾರಪ್ಪಾ. ನಾಕು ಮನಿ ಆಗ್ಯಾವು. ನನ್ನ ಕೈಲಿ ಇನ್ನ ಆಗಂಗಿಲ್ಲ" ಎಂದು ಪಿಸುಗುಟ್ಟುತ್ತ ಅತ್ತಳು. ಕೆಂಚಣ್ಣ ಈಚೆ ಬದಿಯಿಂದ ನೀರು ಸುರಿಯುತ್ತ, "ಅಳಬ್ಯಾಡ, ಯಾರರ ನೋಡ್ಯಾರು. ಅದರಾಗೇನೈತಿ, ನಾ ತೊಳಿಯಾಂವನ ಹೌದಲ್ಲ" ಎಂದ. ಆ ದಿನ ಅವನು ಮಗಳ ಮನೆಯ ಮೆಟ್ಟಿಲು ಹತ್ತಲಿಲ್ಲ. ಕೆಲಸದವನು ಮಹಡಿಗೆ ಯಾಕೆ ಹತ್ತುತ್ತಾನೆ?

ಮುಂದಿನ ಆಯಿತ್ವಾರವೂ ಬಂದ. ಅದರ ಮುಂದಿನದಕ್ಕೂ ಬಂದ. ಮಗಳನ್ನು ನೋಡಬೇಕೆಂದರೆ ಅದೊಂದೇ ದಾರಿ. ಅವಳು ಊರಿಗೆ ಬರುವುದು ಕಡಿಮೆಯಾಗಿತ್ತು, ಲ್ಯಾಬಿನಲ್ಲಿ ಮೂರು ಪಾಳಿ ನಡೆಯುತ್ತಿತ್ತು. ಹೀಗಾಗಿ ಕಾರು ತೊಳೆಯುವಷ್ಟು ಹೊತ್ತು ಅವನು ಅಪ್ಪ, ಅವಳು ಮಗಳು, ಅದೂ ಕದ್ದು.

ಅದಕ್ಕೊಂದು ವರಸೆಯೂ ಹುಟ್ಟಿಕೊಂಡಿತು. ಅಂಜಲಿ ಸೊಂಟಕ್ಕೆ ಕೈಯಿಟ್ಟು ಕಾರಿನ ಸುತ್ತ ಓಡಾಡುತ್ತ, ಪಡಸಾಲೆಗೆ ಕೇಳುವಂತೆ, "ಇಲ್ಲಿ ನೋಡು, ಇನ್ನಾ ಕೆಂಪೈತಿ" ಎನ್ನುವಳು. ಆಮೇಲೆ ದನಿಯಿಳಿಸಿ, "ಅವ್ವನ ಮೊಣಕಾಲು ಹೆಂಗೈತಿ?" ಕೆಂಚಣ್ಣ ಗಟ್ಟಿಯಾಗಿ, "ಒರಸ್ತೀನ್ರಿ ಅಮ್ಮಾರ" ಎಂದು, ಮೆಲ್ಲಗೆ, "ಎಣ್ಣಿ ಹಚ್ಚತೀನಿ, ಕಡಿಮಿ ಐತಿ. ನೀ ಯಾಕ ಸೊರಗಿದಿ?" "ಗಾಜು ಸರೀಗೆ ಆಗಿಲ್ಲ ನೋಡು!" "ಆತ್ರಿ... ರಾತ್ರಿ ಪಾಳಿ ಬ್ಯಾಡ ಅನ್ನು ಅವರಿಗೆ." ಒಂದೊಂದು ಸಲ ಯಾವುದನ್ನು ಗಟ್ಟಿಯಾಗಿ ಹೇಳಬೇಕು, ಯಾವುದನ್ನು ಮೆಲ್ಲಗೆ ಎಂಬುದೇ ಇಬ್ಬರಿಗೂ ಕಲಸಿಹೋಗಿ ನಗು ಬರುತ್ತಿತ್ತು. ಬಾನೆಟ್ ಎತ್ತಿ ಅದರ ಮರೆಗೆ ನಿಂತು ಇಬ್ಬರೂ ನಕ್ಕದ್ದುಂಟು.

ಕಾರು ಸ್ವಚ್ಛವಾದರೆ ಮಾತು ಮುಗಿಯಿತು. ಆದ್ದರಿಂದ ಕೆಂಚಣ್ಣ ಕಾರನ್ನು ಬೇಗ ಸ್ವಚ್ಛವಾಗಗೊಡುತ್ತಿರಲಿಲ್ಲ. ಮೊದಮೊದಲು ಒಂದು ತಾಸಿನ ಕೆಲಸ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು ತಂದು ಮುಂದಿನ ಜಾಲರಿಯ ಒಂದೊಂದು ಸಂದಿಯನ್ನೂ ತಿಕ್ಕತೊಡಗಿದ. ಚಕ್ರದ ನಟ್ಟುಗಳ ಸುತ್ತ ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದ. ಡಾಂಬರಿನ ಚುಕ್ಕೆಗಳಿಗೆ ಸೀಮೆಎಣ್ಣೆ. ಬಾಗಿಲಿನ ಅಂಚಿಗೆ ಕೂತ ಹಠಮಾರಿ ಕೆಂಪು ಕಲೆಗೆ ನೆನೆಸಿದ ಹುಣಸೆಹಣ್ಣು ಹಚ್ಚಿ, ಆರುವ ಮೊದಲೇ ನೀರು. ಗಾಜಿಗೆ ಹಳೆಯ ಪೇಪರು. ಬಂಪರಿಗೆ ಬೆರಳ ತುದಿಯಲ್ಲಿ ಕೊಬ್ಬರಿ ಎಣ್ಣೆ. ಕೊನೆಗೆ ಸೀಟು, ಸ್ಟೇರಿಂಗು. ಮೊದಲ ದಿನ ಕಾರಿನ ಒಳಗೆ ಕೈ ಹಾಕಲು ಅವನಿಗೆ ಆಗಿರಲಿಲ್ಲ. ಬಾಗಿಲ ಹತ್ತಿರ ಹೋಗಿ ಕೈ ತಾನಾಗಿ ಹಿಂದಕ್ಕೆ ಬಂದಿತ್ತು. ಅಂಜಲಿ ಅದನ್ನು ನೋಡಿ ತುಟಿ ಕಚ್ಚಿಕೊಂಡು, ಅವನ ಕೈಹಿಡಿದು ಸ್ಟೇರಿಂಗಿನ ಮೇಲಿಟ್ಟಿದ್ದಳು. ಈಗ ಮೂರು ತಾಸು ಹಿಡಿಯುತ್ತಿತ್ತು. ಇಡೀ ಹೊಸಪೇಟೆಯಲ್ಲಿ ಅಷ್ಟು ಬೆಳ್ಳಗಿನ ಮಾರುತಿ ಇನ್ನೊಂದಿರಲಿಲ್ಲ. ಸೋಮವಾರ ಮಧ್ಯಾಹ್ನಕ್ಕೆ ಮತ್ತೆ ಅದು ಕೆಂಪಾಗುತ್ತಿತ್ತು. ಲಾರಿಗಳನ್ನು ಊರೆಲ್ಲ ಬೈಯುತ್ತಿದ್ದ ಕಾಲದಲ್ಲಿ ಅವಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದವನು ಕೆಂಚಣ್ಣ ಒಬ್ಬನೇ ಇರಬೇಕು.

ಶ್ರಾವಣದಲ್ಲಿ ಈಶ್ವರ ದೊಡ್ಡದೊಂದು ಹೊಸ ಜೀಪು ತಂದ. ಸಂಗಮ್ಮ ಕೆಂಚಣ್ಣನನ್ನು ಕರೆದು, "ಅಕಿ ಗಾಡಿ ಅಷ್ಟು ಚಂದ ತೊಳಿತಿ, ನಮ್ಮದೂ ತೊಳಿ" ಎಂದಳು. ಅವನು ಒಪ್ಪಿಕೊಂಡ. ಅಂಗಳದಲ್ಲಿ ಇನ್ನೆರಡು ತಾಸು ಇರಲು ನೆಪ ಸಿಕ್ಕಿತಲ್ಲ! ಸಂಗಮ್ಮ ಚಹಾ ಕೊಡುವಳು. ಅವನಿಗೆಂದೇ ಒಂದು ಸ್ಟೀಲಿನ ಲೋಟ ಕಾಂಪೌಂಡ್ ಗೋಡೆಯ ಗೂಡಿನಲ್ಲಿ ಬೋರಲು ಹಾಕಿರುತ್ತಿತ್ತು. ಅವನು ಅದನ್ನು ತೊಳೆದು ಹಿಡಿದರೆ ಅವಳು ಮೇಲಿಂದ ಹೊಯ್ಯುವಳು. "ಇನ್ನೊಂಚೂರು ಹಾಕ್ಲೇನೋ? ಬಿಸಿಲಾಗ ದುಡಿತಿ" ಎಂದು ಕನಿಕರದಿಂದ ಕೇಳುವಳು. ಕೆಟ್ಟವಳೇನಲ್ಲ ಸಂಗಮ್ಮ. ಕೆಟ್ಟವಳಾಗಿದ್ದರೆ ಒಂದಿಷ್ಟು ಬೈದುಕೊಂಡಾದರೂ ಹಗುರಾಗಬಹುದಿತ್ತು. ಮಹಡಿಯ ಕಟಕಟೆಗೆ ಆತು ನಿಂತ ಅಂಜಲಿ ಆ ಲೋಟ ನೋಡಿದಾಗಲೆಲ್ಲ ಒಳಗೆ ಹೋಗಿಬಿಡುವಳು.

ಊರಿನಲ್ಲಿ ಸುಂಕಲಮ್ಮ ಕೇಳುವಳು, "ಮಗಳು ಏನು ಮಾಡಿ ಬಡಿಸಿದ್ಲು?"

"ಚಪಾತಿ, ಎಣ್ಣಿಗಾಯಿ. ಮ್ಯಾಲೊಂದು ಬಾಳಿಹಣ್ಣು."

ಅವನು ತಿಂದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಬಂಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ.

"ಎಲ್ಲಿ ಕುಂದ್ರಿಸಿದ್ಲು?"

"ಕುರ್ಚಿ ಮ್ಯಾಲೆ. ಫ್ಯಾನ್ ಹಾಕಿದ್ಲು."

"ಮತ್ತ ನನ್ನ ಯಾವಾಗ ಕರ್ಕೊಂಡು ಹೋಗ್ತಿ? ಮಗಳ ಮನಿ ನೀನೊಬ್ಬನ ಉಂಡು ಬರ್ತಿಯಲ್ಲ, ಹೊಟ್ಟಿಬಾಕ!"

ಸುಂಕಲಮ್ಮನ ಬಾಯಿಗೆ ಕೇರಿಗೆ ಕೇರಿಯೇ ಅಂಜುತ್ತಿತ್ತು. ಕೂಲಿ ಕಡಿಮೆ ಕೊಟ್ಟರೆಂದು ದೊಡ್ಡಬಸಪ್ಪ ಸಾವ್ಕಾರರನ್ನು ಕಣದಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳಿದ ಹೆಂಗಸು ಅವಳು. ಈ ಅಂಗಳದ ಸಂಗತಿ ಅವಳಿಗೆ ತಿಳಿದರೆ ಏನಾದೀತು ಎಂದು ನೆನೆಯಲೂ ಕೆಂಚಣ್ಣನಿಗೆ ಧೈರ್ಯವಿರಲಿಲ್ಲ. "ಮಳಿ ನಿಲ್ಲಲಿ", "ಅಕಿಗೆ ರಜಾ ಸಿಗಲಿ" ಎಂದು ದಿನ ತಳ್ಳಿದ.

ದಸರೆಗೆ ಹದಿನೈದು ದಿನವಿರುವಾಗ, ಬಾನೆಟ್ಟಿನ ಮರೆಯಲ್ಲಿ ನಿಂತು ಅಂಜಲಿ ಹೇಳಿದಳು, "ಅಪ್ಪಾ, ಇನ್ನ ನನ್ನ ಕೈಲಿ ಆಗಂಗಿಲ್ಲ. ಆ ಲೋಟ ನೋಡಾಕ ಆಗವಲ್ದು. ಕಂಪನಿ ಕ್ವಾರ್ಟರ್ಸ್ ಕೊಡ್ತೀವಿ ಅಂದಾರ. ಕೊಡ್ಲಿ, ಬಿಡ್ಲಿ, ಆಯುಧ ಪೂಜಿ ದಿನ ನಾ ಹೇಳಿಬಿಡ್ತೀನಿ. ನೀನ ಬಂದು ನನ್ನ ಗಾಡಿಗೆ ಕುಂಬಳಕಾಯಿ ಒಡಿಬೇಕು. ಇವರು ನಮ್ಮಪ್ಪ ಅಂತ ಎಲ್ಲರ ಮುಂದ ಹೇಳ್ತೀನಿ. ಮನಿ ಬಿಡು ಅಂದ್ರ ಬಿಡ್ತೀನಿ."

"ಖರೇ?"

"ನಿನ್ನಾಣಿ."

ಕೆಂಚಣ್ಣ ಒಣಗಿದ್ದ ಬ್ಯಾಟರಿಯನ್ನೇ ಮತ್ತೆ ಒರೆಸಿದ. ಇಷ್ಟು ದಿನ ತನಗೇನೂ ಅನ್ನಿಸಿಲ್ಲ, ಇದೊಂದು ಆಟ ಎಂದು ತನಗೆ ತಾನೇ ಹೇಳಿಕೊಂಡಿದ್ದೆಲ್ಲ ಸುಳ್ಳೆಂದು ಆ ಗಳಿಗೆಯಲ್ಲಿ ಅವನಿಗೆ ಗೊತ್ತಾಯಿತು. ಅಪ್ಪ ಎಂದು ಕರೆಸಿಕೊಳ್ಳಲು ಅವನು ಹಸಿದಿದ್ದ.

ಅಲ್ಲೇ ಅವನು ತಪ್ಪು ಮಾಡಿದ್ದು. ಆ ಮಾತು ಕೇಳಿದ ಹುರುಪಿನಲ್ಲಿ ಮನೆಗೆ ಹೋಗಿ, "ಆಯುಧ ಪೂಜಿಗೆ ಇಬ್ಬರೂ ಹೋಗೂಣು, ಮಗಳು ಕರದಾಳ" ಎಂದುಬಿಟ್ಟ. ನಡುವೆ ನಡೆದದ್ದನ್ನು ಮಾತ್ರ ಹೇಳಲಿಲ್ಲ. ಆವತ್ತಿಗೆ ಎಲ್ಲ ತಾನಾಗಿ ಸರಿಯಾಗುವುದಿದೆ, ಮುಗಿದ ಸಂಕಟವನ್ನು ಅವಳಿಗೇಕೆ ಹಂಚಬೇಕು ಎಂದುಕೊಂಡ.

ಹಬ್ಬದ ದಿನ ಸುಂಕಲಮ್ಮ ಟ್ರಂಕಿನಿಂದ ಹಸಿರು ಸೀರೆ ತೆಗೆದು ಉಟ್ಟಳು. ಮಗಳು ಮೊದಲ ಸಂಬಳದಲ್ಲಿ ಕೊಡಿಸಿದ್ದು. ಕೆಂಚಣ್ಣ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ, ಪಂಚೆ. ಹಿತ್ತಲಿನ ಬೂದುಗುಂಬಳಗಳಲ್ಲಿ ದುಂಡಗಿನದೊಂದನ್ನು ಆರಿಸಿ, ಟಂಟಂನಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದ. ದಾರಿಯಲ್ಲಿ ನಿಂತ ಲಾರಿಗಳಿಗೂ ಬಾಳೆಕಂಬ, ಚೆಂಡುಹೂವು ಕಟ್ಟಿದ್ದರು. "ನೀ ಒಡಿಯಾಕ ಹೋಗಿ ಕಾಲ ಮ್ಯಾಲೆ ಹಾಕ್ಕೊಂಡಿ, ಹುಷಾರು" ಎಂದು ಸುಂಕಲಮ್ಮ ಚೇಷ್ಟೆ ಮಾಡಿದಳು. ಕೆಂಚಣ್ಣ ನಕ್ಕ.

ಗೇಟು ತೆರೆದರೆ ಅಂಗಳದ ತುಂಬ ಜನ. ಈಶ್ವರನಿಗೆ ಹೆಣ್ಣು ಕೊಡುವವರು ಕಂಪ್ಲಿಯಿಂದ ಬಂದಿದ್ದರು. ರೇಷ್ಮೆ ಸೀರೆ, ವಿಭೂತಿಯ ಹಣೆಗಳು, ಪಡಸಾಲೆಯಲ್ಲಿ ಸಾಲು ಕುರ್ಚಿಗಳು. ಎರಡೂ ಗಾಡಿಗಳು ಕೆಂಪು ಧೂಳು ಹೊದ್ದು ಹಾಗೆಯೇ ನಿಂತಿದ್ದವು.

"ಬಂದೇನೋ ಕೆಂಚಾ! ಎಷ್ಟೊತ್ತಿಗೆ ಬರ್ತಿಯೋ ಮಾರಾಯಾ, ಪೂಜಿಗೆ ಹೊತ್ತಾತು. ಎರಡೂ ಗಾಡಿ ಜಲ್ದಿ ತೊಳಿ" ಎಂದಳು ಸಂಗಮ್ಮ. ಅವನ ಇಸ್ತ್ರಿಯ ಅಂಗಿ ನೋಡಿ ನಕ್ಕಳು. "ಏನು ಇವತ್ತ ಮದುಮಗ ಆಗಿ ಬಂದಿ? ಇಕಿ ಯಾರು?"

ಸುಂಕಲಮ್ಮ ಗಂಡನ ಕಡೆ ನೋಡಿದಳು. ಕೆಂಚಾ? ತೊಳಿ? ಅವಳ ಮೂಗಿನ ಹೊಳ್ಳೆ ಅರಳಿತು. ಕೆಂಚಣ್ಣ ಕಣ್ಣು ಮುಚ್ಚಿಕೊಂಡ. ಮತ್ತೆ ತೆರೆದು ಮೆಟ್ಟಿಲ ಕಡೆ ನೋಡಿದ, ಯಾಕೆಂದರೆ ಮೆಟ್ಟಿಲಿನ ಮೇಲೆ ಅಂಜಲಿ ನಿಂತಿದ್ದಳು. ಕೈಯಲ್ಲಿ ಹೂವಿನ ತಟ್ಟೆ. ಅಪ್ಪನೊಬ್ಬನೇ ಬರುತ್ತಾನೆಂದುಕೊಂಡಿದ್ದವಳು ಅವ್ವನನ್ನು ನೋಡಿ ಅಲ್ಲೇ ಕಂಬದಂತೆ ನಿಂತುಬಿಟ್ಟಿದ್ದಳು.

"ಅಂಜಲಿ, ನಿಮ್ಮ ಕೆಂಚ ಯಾರನ್ನೋ ಕರ್ಕೊಂಡು ಬಂದಾನ ನೋಡವ್ವ. ಯಾರಿಕಿ?"

ಕುರ್ಚಿಯಲ್ಲಿದ್ದವರೆಲ್ಲ ಕತ್ತು ತಿರುಗಿಸಿದರು. ಈಗ, ಎಂದುಕೊಂಡ ಕೆಂಚಣ್ಣ. ಈಗ ಹೇಳುತ್ತಾಳೆ. ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದ. ಅಂಜಲಿಯ ತುಟಿ ಅಲುಗಿತು. ಒಂದು ಮೆಟ್ಟಿಲು ಇಳಿದಳು. ತಟ್ಟೆಯಿಂದ ಒಂದು ಹೂವು ಕೆಳಗೆ ಬಿತ್ತು. ಅಷ್ಟು ಜನರ ಮುಖ ನೋಡಿದಳು, ಸಂಗಮ್ಮನ ನಗುಮುಖ ನೋಡಿದಳು, ದನಿಯೇ ಹೊರಡಲಿಲ್ಲ.

ಕೆಂಚಣ್ಣ ಹೆಂಡತಿಯ ಬಾಯಿಗಾಗಿ ಕಾದ. ಇನ್ನೇನು ಸಿಡಿಯುತ್ತಾಳೆ, ಅಂಗಳ ಹಾರಿಹೋಗುವಂತೆ ಕೂಗುತ್ತಾಳೆ. ಸಿಡಿಯಲಿ ಎಂದೇ ಒಂದು ಕ್ಷಣ ಅವನಿಗೆ ಆಸೆಯಾಯಿತು. ಆದರೆ ಸುಂಕಲಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿದ್ದ ಹೆದರಿಕೆಯನ್ನು ನೋಡಿದಳು. ಗೋಡೆಯ ಗೂಡಿನಲ್ಲಿದ್ದ ಬೋರಲು ಲೋಟ ನೋಡಿದಳು. ಗಂಡನ ನಾಲ್ಕು ತಿಂಗಳ ಚಪಾತಿ ಎಣ್ಣಿಗಾಯಿ ಎಲ್ಲ ಅವಳಿಗೆ ಅರ್ಥವಾಗಿ ಹೋಯಿತು. ಅವಳು ಹಸಿರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಇವನ ಹೆಂಡ್ತಿರೀ ಅಮ್ಮಾರ" ಎಂದಳು. "ಎಲ್ಡು ಗಾಡಿ ಅದಾವು, ಒಬ್ಬನ ಕೈಲಿ ಆಗಂಗಿಲ್ಲ ಅಂತ ಕೆಲಸಕ್ಕ ಬಂದೀನ್ರಿ."

"ಛಲೋ ಆತು ಬಿಡು" ಎಂದಳು ಸಂಗಮ್ಮ.

ಕೆಂಚಣ್ಣನ ಕೈಯಿಂದ ಕುಂಬಳಕಾಯಿಯನ್ನು ಈಶ್ವರ ಇಸಿದುಕೊಂಡ. "ಬೆಸ್ಟ್ ಕಾಯಿ ತಂದೀಯಲ್ಲೋ!" ಎಂದು ಬೆನ್ನು ತಟ್ಟಲು ಕೈಯೆತ್ತಿ, ತಟ್ಟದೆ ಇಳಿಸಿದ.

ತೊಳೆದರು. ಕಾರು ತೊಳೆದು ಗೊತ್ತಿಲ್ಲದ ಸುಂಕಲಮ್ಮ ಮಗಳ ಗಾಡಿಗೆ ಒಣಬಟ್ಟೆ ಹಾಕಹೋದಳು. ಕೆಂಚಣ್ಣ ಅವಳ ಕೈ ತಡೆದು, "ನೀರು ಮೊದ್ಲು" ಎಂದ. ಅವನು ಮೇಲಿಂದ ನೀರು ಸುರಿದ; ಕೆಂಪು ನೀರು ಇಳಿದು ಅವಳ ಹಸಿರು ಸೀರೆಯ ಅಂಚಿಗೆ ಹತ್ತಿತು. ಮೊಣಕಾಲು ನೋವಿನ ಹೆಂಗಸು ನೆಲದ ಮೇಲೆ ಕೂತು ಚಕ್ರ ತಿಕ್ಕಿದಳು. ಬೈದಿದ್ದರೆ ಚೆನ್ನಾಗಿತ್ತು. ತಾನು ಬಗ್ಗಿದಾಗ ಇಷ್ಟು ನೋವಾಗಿರಲಿಲ್ಲ. ಇವಳು ಕೂತು ತಿಕ್ಕುವುದನ್ನು ನೋಡಲು ಅವನಿಂದ ಆಗಲಿಲ್ಲ. ಮೊದಲ ದಿನವೇ ತಾನು ಹೌದ್ರಿ ಅನ್ನದಿದ್ದರೆ ಇವತ್ತು ಇವಳು ಈ ಅಂಗಳದಲ್ಲಿ ಹೀಗೆ ಕೂರುತ್ತಿರಲಿಲ್ಲ ಎಂದು ಅವನು ತನ್ನನ್ನೇ ಶಪಿಸಿಕೊಂಡ.

ಸುಂಕಲಮ್ಮ ಬಾಗಿಲು ತೆರೆದು ಸೀಟು ಒರೆಸುವಾಗ ಅಂಜಲಿ ಆಚೆ ಬದಿಗೆ ಬಂದಳು. ಯಾವಾಗಿನಂತೆ ಬಗ್ಗಿದಳು. "ಅವ್ವಾ" ಎಂದಳು, ಉಸಿರಿನಲ್ಲಿ. "ಅವ್ವಾ, ಇವರೆಲ್ಲ ಹೋಗ್ಲಿ, ಸಂಜಿಗೆ ಹೇಳ್ತೀನಿ. ಖರೇನ ಹೇಳ್ತೀನಿ. ಇಷ್ಟು ಮಂದಿ ಬರ್ತಾರ ಅಂತ ನನಗ ಗೊತ್ತಿರಲಿಲ್ಲ."

ಸುಂಕಲಮ್ಮ ತಲೆಯೆತ್ತದೆ ಮ್ಯಾಟು ಕೊಡವಿದಳು. "ಸರಿರೀ ಅಮ್ಮಾರ. ಬಟ್ಟಿಗೆ ನೀರು ಸಿಡಿತಾವು" ಎಂದಳು. ಮೆಲ್ಲಗೆ ಆಡಬಹುದಾಗಿದ್ದ ಮಾತು. ಅವಳು ಗಟ್ಟಿಯಾಗಿಯೇ ಆಡಿದಳು.

ಪೂಜೆಯಾಯಿತು. ಬಿಳಿ ಮಾರುತಿ ಕನ್ನಡಿಯಂತೆ ಹೊಳೆಯುತ್ತಿತ್ತು. ಚೆಂಡುಹೂವಿನ ಹಾರ, ವಿಭೂತಿ ಪಟ್ಟೆ, ಚಕ್ರದಡಿ ನಾಲ್ಕು ನಿಂಬೆಹಣ್ಣು. "ಅಂಜಲಿ ಗಾಡಿಗೂ ನಾನ ಒಡಿತೀನಿ, ಅಕಿಗೆ ಇಲ್ಲಿ ಅಣ್ಣ ತಮ್ಮ ಯಾರಿದ್ದಾರ?" ಎಂದು ಈಶ್ವರ ಕುಂಬಳಕಾಯಿ ಎತ್ತಿ ಒಡೆದ. ಕುಂಕುಮದ ಹೋಳುಗಳು ಗೇಟಿನವರೆಗೂ ಚೆಲ್ಲಿದವು. ಗೇಟಿನ ಬಳಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ ಗಂಡ ಹೆಂಡತಿ ಪಕ್ಕಕ್ಕೆ ಸರಿದರು.

"ಅಂಜಲಿ, ಅವರಿಬ್ಬರಿಗೂ ಪ್ರಸಾದ ಹಾಕಿ ಬಾರವ್ವ, ಪಾಪ" ಎಂದಳು ಸಂಗಮ್ಮ.

ಅಂಜಲಿ ಸಜ್ಜಕದ ಬಟ್ಟಲು ಹಿಡಿದು ಬಂದಳು. ಕಣ್ಣು ಕೆಂಪಾಗಿದ್ದವು. ಅವ್ವನ ಅಂಗೈಯಲ್ಲಿ ಇಡಲೆಂದು ಕೈ ಚಾಚಿದಳು. ಪಡಸಾಲೆಯ ಕಣ್ಣುಗಳನ್ನು ಸುಂಕಲಮ್ಮ ಒಮ್ಮೆ ನೋಡಿ, ಅಂಗೈ ಹಿಂದಕ್ಕೆಳೆದು ಸೆರಗು ಒಡ್ಡಿದಳು.

"ಮ್ಯಾಲಿಂದ ಹಾಕ್ರಿ ಅಮ್ಮಾರ. ಮುಟ್ಟಬ್ಯಾಡ್ರಿ, ನಿಮ್ಮನ್ನ ನೋಡ್ತಾರ."

ಒಂಬತ್ತು ತಿಂಗಳು ಹೊತ್ತ ಹೊಟ್ಟೆಯ ಮೇಲಿನ ಆ ಸೆರಗಿಗೆ ಮಗಳು ಮೇಲಿಂದ ಸಜ್ಜಕ ಹಾಕಿದಳು. ಅರ್ಧ ನೆಲಕ್ಕೆ ಬಿತ್ತು.

ಕೆಂಚಣ್ಣ ತನ್ನ ಪಾಲಿಗೆ ಕೈ ಒಡ್ಡಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ, ಬಕೆಟ್ಟಿನ ಅಂಚಿಗೆ ಹಾಕಿದ. ಹಲ್ಲುಜ್ಜುವ ಬ್ರಷ್ಷನ್ನು ಪಕ್ಕದಲ್ಲಿಟ್ಟ. ಆಮೇಲೆ ಆ ಅಂಗಳದಲ್ಲಿ ಎಲ್ಲರೆದುರು ಮೊದಲ ಸಲ ಮಗಳ ಮುಖವನ್ನು ನೆಟ್ಟಗೆ ನೋಡಿದ.

"ಅಮ್ಮಾರ, ಮುಂದಿನ ಆಯಿತ್ವಾರದಿಂದ ನಾ ಬರಂಗಿಲ್ರಿ. ಬ್ಯಾರೆ ಯಾರನ್ನರ ನೋಡಿಕೊಳ್ರಿ."

"ಯಾಕೋ, ಏನಾತು?" ಸಂಗಮ್ಮ ಪಡಸಾಲೆಯಿಂದಲೇ ಕೇಳಿದಳು.

"ಏನಿಲ್ರಿ. ಸೊಂಟ ಬ್ಯಾನಿ."

ಹೇಳಿದವನು ನಿಂತ. ಈಗಲೂ ಒಂದು ಶಬ್ದ ಸಾಕಿತ್ತು. ಅಪ್ಪಾ ಎಂದಿದ್ದರೆ ಅವನು ಆ ಬಕೆಟ್ ಎತ್ತಿಕೊಂಡು ಜೀವವಿರುವವರೆಗೂ ಆ ಕಾರು ತೊಳೆಯುತ್ತಿದ್ದ. ಅಂಜಲಿ ಬಟ್ಟಲಿನಲ್ಲಿ ಉಳಿದ ಸಜ್ಜಕವನ್ನೇ ನೋಡುತ್ತ ನಿಂತಳು. ಕೆಂಚಣ್ಣ ಹೆಂಡತಿಯ ರಟ್ಟೆ ಹಿಡಿದು ಗೇಟು ದಾಟಿದ, ತಿರುಗಿ ಚಿಲಕ ಹಾಕಿದ.

ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಗೋಡೆಯಾಚೆ ಸಂಗಮ್ಮನ ದನಿ ಕೇಳಿಸಿತು. "ಅಯ್ಯ ಯವ್ವಾ, ಯಾಕ ಅಳ್ತಿ, ಹಬ್ಬದ ದಿನ? ಆ ಕೆಂಚ ಹೋದನಂತನಾ? ಹುಚ್ಚಿ! ಗಾಡಿ ತೊಳಿಯಾವ್ರಿಗೆ ಏನು ಬರ ಬಂದೈತಿ? ಇವ ಹೋದ್ರ ಇನ್ನೊಬ್ಬ ಸಿಗ್ತಾನ."

ಸುಂಕಲಮ್ಮ ನಿಂತಳು. ಕೆಂಚಣ್ಣನೂ ನಿಂತ. ಬೀದಿಯಲ್ಲಿ ಹೂವಿನ ಹಾರ ಹಾಕಿದ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು, ಧೂಳು ಎದ್ದು ಇಬ್ಬರ ಮೇಲೂ ಇಳಿಯಿತು. ಅವರು ಒರೆಸಿಕೊಳ್ಳಲಿಲ್ಲ. ಮಗಳು ಏನನ್ನುತ್ತಾಳೆಂದು ಗೋಡೆಯ ಈಚೆ ಕಾದರು.

ಅತ್ತು ಅತ್ತು ಒಡೆದ ಅಂಜಲಿಯ ದನಿ ಕೇಳಿಸಿತು.

"ಹ್ಞೂಂ ಆಂಟಿ. ಸಿಗ್ತಾರ."